ಕಾರಿಗೊಂದು ಹಣೆ

ಹಬ್ಬ ಮುಗಿದ ಮೇಲಿನ ಮೊದಲ ಕೆಲಸದ ದಿನ ನಮ್ಮ ಕಾರು ಜಪ್ಪಯ್ಯ ಅಂದರೂ ಕದಲಲಿಲ್ಲ.

ಹಬ್ಬದ ಹಿಂದಿನ ವಾರವೆಲ್ಲ ಅದು ಹೇಳಿದ ಮಾತು ಕೇಳಿಕೊಂಡಿತ್ತು. ಸ್ಟುಡಿಯೋದ ಒಂದು ತುದಿಯಿಂದ ಹೊರಟು, ಆಮೆ ನಡೆದಂತೆ ನಡೆದು, ಎದುರಿಗೆ ಯಾರಾದರೂ ಬಂದರೆ ತಾನಾಗಿಯೇ ನಿಂತು, ಅವರು ಪಕ್ಕಕ್ಕೆ ಸರಿದ ಮೇಲೆ ಮತ್ತೆ ಹೊರಡುತ್ತಿತ್ತು. ಅದಕ್ಕೆ ಬರುತ್ತಿದ್ದ ವಿದ್ಯೆ ಅಷ್ಟೇ. ಆದರೆ ಮುಂದಿನ ವಾರ ಮುಖ್ಯ ಕಚೇರಿಯಿಂದ ಬರಲಿದ್ದವರ ಮುಂದೆ ಅಷ್ಟನ್ನು ಮಾಡಿ ತೋರಿಸಿದರೆ ಸಾಕಿತ್ತು.

ಕಾನ್ಸೆಪ್ಟ್ ಕಾರು ಎಂದರೆ ಮಾರುವ ಕಾರಲ್ಲ. ಮುಂದೆ ಇಂಥದ್ದು ಮಾಡಬಲ್ಲೆವು ಎಂದು ಕಂಪನಿ ಜನರಿಗೆ ತೋರಿಸಲು ಕಟ್ಟುವ ಒಂದೇ ಒಂದು ಕಾರು. ನಮ್ಮದರ ತಳದಲ್ಲಿ ಮೋಟಾರು ಜೋಡಿಸಿದ ಉಕ್ಕಿನ ಚೌಕಟ್ಟು, ಅದರ ಮೇಲೆ ಫೋಮ್, ಫೋಮಿನ ಮೇಲೆ ಕ್ಲೇ. ಕ್ಲೇ ಎಂದರೆ ಓವನ್‌ನಲ್ಲಿ ಬಿಸಿ ಮಾಡಿ ಕೈಯಿಂದ ಮೆತ್ತುವ, ಆರಿದರೆ ಗಟ್ಟಿಯಾಗುವ ಕಂದು ಮಣ್ಣು. ಅದನ್ನು ಹಲ್ಲಿನ ಪಟ್ಟಿಯಿಂದ ಕೆರೆದು, ಉಕ್ಕಿನ ತೆಳು ಅಲಗಿನಿಂದ ನಯ ಮಾಡಿ, ಮೇಲೆ ಬೆಳ್ಳಿ ಬಣ್ಣದ ಫಿಲ್ಮ್ ಎಳೆದು ಅಂಟಿಸಿದರೆ, ನೋಡುವವರು ತಗಡೆಂದೇ ನಂಬಿಬಿಡುತ್ತಾರೆ. ಮಣ್ಣಿನ ಕಾರನ್ನು ನಡೆಸುವ ಹುಚ್ಚು ಯಾಕೆ ಎಂದು ಮುಖ್ಯ ಕಚೇರಿಯವರು ನಕ್ಕಿದ್ದರು. ನಗಲಿ ಬಿಡಿ ಎಂದುಕೊಂಡಿದ್ದೆವು.

ಯಾಕೆಂದರೆ ಆ ಕಾರಿನ ಮೇಲೆ ನಮ್ಮೆಲ್ಲರ ಹಣೆಬರಹ ನಿಂತಿತ್ತು. ಅಲ್ಲಿಯವರೆಗೆ ಚೆನ್ನೈನ ನಮ್ಮ ಸ್ಟುಡಿಯೋಗೆ ಸಿಕ್ಕಿದ್ದೆಲ್ಲ ಬೇರೆ ದೇಶದಲ್ಲಿ ಯಾರೋ ಬರೆದ ಕಾರಿಗೆ ಬಂಪರ್ ಬದಲಾಯಿಸುವುದು, ಸೀಟಿನ ಬಟ್ಟೆಗೆ ಬಣ್ಣ ಆರಿಸುವುದು, ಇಂಥ ಚಿಲ್ಲರೆ ಕೆಲಸ. ನಾನಂತೂ ಬಂಪರ್ ಬರೆದೂ ಬರೆದೂ ಸವೆದುಹೋಗಿದ್ದೆ. ನಮ್ಮತ್ತೆ ನೆಂಟರ ಮುಂದೆ, "ನಮ್ಮ ಸೊಸೆ ಕಾರಿನ ಮೂತಿಗೆ ಕಟ್ಟೋ ಪಟ್ಟಿ ಬರೀತಾಳೆ" ಎಂದು ಪರಿಚಯ ಮಾಡಿಸುತ್ತಿದ್ದರು. ಈ ಸಲ ಮೊದಲ ಬಾರಿಗೆ ಇಡೀ ಕಾರು ನಮ್ಮದು, ಅದರ ಮುಖ ನನ್ನದು. ಬರುವವರು ಒಪ್ಪಿದರೆ ಕಾರು ಜನರ ಮುಂದೆ ಬರುತ್ತದೆ, ಕಂಪನಿಯ ಮುಂದಿನ ಹೊಸ ಕಾರಿನ ಮೊದಲ ಗೆರೆ ಚೆನ್ನೈನಲ್ಲಿ ಬೀಳುತ್ತದೆ. ಒಪ್ಪದಿದ್ದರೆ ಮುಖವನ್ನು ಅವರೇ ಬರೆದುಕೊಳ್ಳುತ್ತಾರೆ, ನಾವು ಮತ್ತೆ ಬಂಪರಿಗೆ.

ಆ ಮುಖವನ್ನು ನಾನು ಎಷ್ಟು ಪ್ರೀತಿಸಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ವಿದ್ಯುತ್ ಕಾರಿಗೆ ಗಾಳಿ ಹೋಗುವ ಜಾಲರಿ ಬೇಡ. ಹಾಗಾಗಿ ಒಂದು ದೀಪದಿಂದ ಇನ್ನೊಂದು ದೀಪದವರೆಗೆ ಎಲ್ಲೂ ಕಡಿಯದ ಒಂದೇ ಕಪ್ಪು ಫಲಕ ಇಟ್ಟಿದ್ದೆ. ಅದರ ನಟ್ಟನಡುವೆ, ಹೊರಗೆ ಕಾಣದ ಹಾಗೆ, ಒಂದು ಕ್ಯಾಮೆರಾ ಮತ್ತು ಬೆಳಕಿನ ಕಿರಣ ಬಿಟ್ಟು ದೂರ ಅಳೆಯುವ ಒಂದು ಸೆನ್ಸರ್. ಕಾರಿನ ಕಣ್ಣು ಅದೇ.

ಆ ಕಣ್ಣನ್ನು ಕೂರಿಸಿದವನು ನಮ್ಮ ಕ್ಯಾಮೆರಾ ಎಂಜಿನಿಯರ್. ಅವನ ತಾತ ರೈಲ್ವೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಯಾದವರು. ಇವನ ಕನ್ನಡದಲ್ಲಿ ಅರ್ಧ ತಮಿಳು, 'ಆದರೆ' ಅನ್ನಬೇಕಾದ ಕಡೆಯೆಲ್ಲ 'ಆನಾ'. ಸ್ಟುಡಿಯೋದಲ್ಲಿ ಕನ್ನಡ ಬರುವವರು ನಾವಿಬ್ಬರೇ ಆದ್ದರಿಂದ ಮೊದಲ ದಿನದಿಂದಲೂ ನಾನು ಅವನಿಗೆ ಅಕ್ಕ. ಅವತ್ತು ಬೆಳಿಗ್ಗೆ ಅವನು ಕಾರಿನ ಪಕ್ಕ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ.

"ಏನಾಯ್ತೋ?" ಎಂದೆ.

"ಎಲ್ಲಾ ಸರಿಯಾಗೇ ಇದೆ ಅಕ್ಕ. ಬ್ಯಾಟರಿ ಫುಲ್. ಬ್ರೇಕೂ ಬಿಟ್ಟಿದೀನಿ. ಆನಾ ಮುಂದೆ ಏನೋ ಅಡ್ಡ ಇದೆ ಅಂತದೆ."

"ಮುಂದೆ ನಾನಿದ್ದೀನಿ."

"ನೀವಲ್ಲ ಅಕ್ಕ, ನಿಮಗಿಂತ ಹತ್ರ. ಮೂಗಿನ ತುದೀಲಿ."

ನಾನು ಸರಿದು ನಿಂತೆ. ಕಾರು ಅಲ್ಲೇ ನಿಂತಿತು. ಕೇಬಲ್ ಬದಲಾಯಿಸಿದ. ಹಿಂದಿನ ವಾರ ಸರಿಯಾಗಿದ್ದ ಪ್ರೋಗ್ರಾಮನ್ನೇ ಮತ್ತೆ ಹಾಕಿದ. ಚೌಕಟ್ಟಿನಡಿ ತೂರಿ ಮೋಟಾರಿನ ವೈರು ಎಳೆದು ನೋಡಿದ. ಊಟದ ಹೊತ್ತಾಯಿತು. ಸ್ಟುಡಿಯೋ ಮುಖ್ಯಸ್ಥರು ಎರಡು ಸಲ ಬಂದು, ಏನೂ ಕೇಳದೆ, ಕೈ ಹಿಂದೆ ಕಟ್ಟಿಕೊಂಡು ನಿಂತು ಹೋದರು. ಅವರು ಬೈದಿದ್ದರೇ ವಾಸಿಯಿತ್ತು.

ಕೊನೆಗೆ ಆ ಕಣ್ಣಿಗೆ ಏನು ಕಾಣುತ್ತಿದೆಯೋ ಅದನ್ನೇ ಪರದೆಯ ಮೇಲೆ ತೆರೆದ. ಸ್ಟುಡಿಯೋ, ದೀಪ, ನನ್ನ ಕಾಲು ಎಲ್ಲ ಮಂಜು ಕವಿದಂತೆ ಮಸುಕು. ನಡುವೆ ದಪ್ಪನೆಯ ಒಂದು ಮಚ್ಚೆ, ಅದರ ಅಂಚಿನಲ್ಲಿ ತೆಳು ಕೆಂಪು. ನಾನು ಮೊಣಕಾಲೂರಿ ಫಲಕಕ್ಕೆ ಓರೆಯಾಗಿ ಟಾರ್ಚು ಹಿಡಿದೆ. ಎದುರಿನಿಂದ ನೋಡಿದರೆ ಕಾಣದ ಜಿಡ್ಡು, ಓರೆಯಿಂದ ನೋಡಿದಾಗ ಅಂಗೈಯಗಲ ಹರಡಿತ್ತು.

"ಕುಂಕುಮ!" ಎಂದೆ. ನನಗೆ ಮೈಯೆಲ್ಲ ಉರಿದುಹೋಯಿತು. "ಆಯುಧಪೂಜೆ ದಿನ ನನ್ನ ಫಲಕಕ್ಕೆ ಬೊಟ್ಟು ಇಟ್ಟ ಪುಣ್ಯಾತ್ಮ ಯಾರು ಅಂತ ಅವತ್ತೇ ಕೇಳಿದ್ದೆ. ಒಬ್ಬರಾದರೂ ಬಾಯಿ ಬಿಟ್ಟರಾ? ಯಾವ ಗೂಬೆ ಇಟ್ಟಿದ್ದೋ ಏನೋ, ಕಣ್ಣಿರೋ ಜಾಗ ಅಂತ ಗೊತ್ತಾಗಬಾರದಾ?"

ಎಂಜಿನಿಯರ್ ಇಂಗು ತಿಂದ ಮಂಗನ ಹಾಗೆ ಕೂತಿದ್ದ. ಆಮೇಲೆ ಮೆಲ್ಲಗೆ, "ಅಕ್ಕ, ಅದು ನಾನೇ" ಎಂದ.

"ನೀನಾ? ಕಣ್ಣು ಕೂರಿಸಿದವನೇ ನೀನಲ್ವೇನೋ!"

"ಸತ್ಯವಾಗ್ಲೂ ಬೇಕಂತ ಮಾಡಿಲ್ಲ ಅಕ್ಕ. ಎಲ್ಲಾರೂ ಮಿಷನ್‌ಗೆ ಇಡ್ತಿದ್ರು. ನನ್ ಕೈಗೂ ಚಂದನ, ಕುಂಕುಮ ಕೊಟ್ರು. ಸುಮ್ಮ ಕೈ ತಾನಾಗೇ ಅಲ್ಲಿಗೇ ಹೋಯ್ತು. ಇಟ್ಟ ಮೇಲೂ ತೋಚಲಿಲ್ಲ."

ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಪೂಜೆಯ ದಿನ ನಡೆದದ್ದು ನೆನಪಾಯಿತು. ಕ್ಲೇ ಓವನ್‌ಗೆ ಮಾವಿನ ಸೊಪ್ಪು, ಕೆರೆಯುವ ಪಟ್ಟಿಗಳನ್ನೆಲ್ಲ ಬಾಳೆಲೆಯ ಮೇಲೆ ಸಾಲಾಗಿ ಇಟ್ಟು ಅರಿಶಿನ, ಕಂಪ್ಯೂಟರಿಗೆ ಬೊಟ್ಟು, ಗೇಟಿನ ಮುಂದೆ ಒಡೆದ ಬೂದುಗುಂಬಳಕಾಯಿ, ಎಲ್ಲರ ಕೈಗೂ ಕಡಲೆಪುರಿ. ಕಾರಿಗೂ ಒಂದು ಮಾಲೆ. ಎಲ್ಲ ಮುಗಿದ ಮೇಲೆ ನಾನು ಬಂದು ನೋಡಿದರೆ ನನ್ನ ಕಪ್ಪು ಫಲಕದ ನಡುವೆ ಕೆಂಪು ಬೊಟ್ಟು! ಸಿಟ್ಟಿನಲ್ಲಿ ಪಕ್ಕದಲ್ಲಿದ್ದ ಒಣ ಬಟ್ಟೆ ತೆಗೆದುಕೊಂಡು ಪರಪರನೆ ಒರೆಸಿದ್ದೆ. ಬೆರಳಿನಷ್ಟಿದ್ದ ಬೊಟ್ಟನ್ನು ಅಂಗೈಯಗಲ ಮಾಡಿದವಳು ನಾನೇ.

"ಹೋಗಲಿ ಬಿಡು" ಎಂದೆ. "ಇಟ್ಟವನು ನೀನು, ಬಳಿದವಳು ನಾನು."

ಫಲಕ ತೊಳೆಯುವ ದ್ರವ ಹಾಕಿ ಒರೆಸಿದೆವು. ಕಾರು ಏನೂ ಆಗದ ಹಾಗೆ ಹೊರಟಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ಕಾರಿನ ಮೂತಿಯ ಸುತ್ತ ಹಗ್ಗ ಕಟ್ಟಿಸಿ, ಭೇಟಿ ಮುಗಿಯುವ ತನಕ ಯಾರೂ ಹತ್ತಿರ ಸುಳಿಯಬಾರದು ಎಂದರು. ಅಲ್ಲಿಗೆ ವಿಷಯ ಮುಗಿದಂತೆಯೇ ಇತ್ತು, ನಾನು ಮನೆಗೆ ನಡೆದುಕೊಂಡು ಹೋಗದೆ ಇದ್ದಿದ್ದರೆ.

ನಮ್ಮ ಸ್ಟುಡಿಯೋ ಊರಿನ ದಕ್ಷಿಣದ ತುದಿಯಲ್ಲಿ. ಸಂಜೆ ಲೋಕಲ್ ರೈಲಿನಲ್ಲಿ ಬಂದು ಮಾಂಬಲಂನಲ್ಲಿ ಇಳಿದು, ಪಶ್ಚಿಮದ ಕಡೆಯ ಗಲ್ಲಿಗಳಲ್ಲಿ ನಡೆದರೆ ನಮ್ಮ ಫ್ಲ್ಯಾಟು. ಅವತ್ತು ಗಲ್ಲಿಯ ಎರಡೂ ಬದಿಗೆ ನಿಂತ ವಾಹನಗಳನ್ನು ಮೊದಲ ಸಲ ಕಣ್ಣಿಟ್ಟು ನೋಡಿದೆ. ಆಟೋಗೆ ಬೊಟ್ಟು. ನೀರಿನ ಲಾರಿಗೆ ಬೊಟ್ಟು. ಹಳೆಯ ಸ್ಕೂಟರಿಗೆ, ಹೊಸ ಬೈಕಿಗೆ, ಇಡ್ಲಿ ಹಿಟ್ಟು ತರುವ ವ್ಯಾನಿಗೆ. ಪಕ್ಕದ ಕಟ್ಟಡದ ಡಾಕ್ಟರರ ದುಬಾರಿ ಕಾರಿನ ಲಾಂಛನದ ಕೆಳಗೊಂದು ಪುಟ್ಟ ಕ್ಯಾಮೆರಾ ಇದೆ. ಅದರ ಮೇಲೇ ಚಂದನ ಒಣಗಿ ಸುಣ್ಣದಂತಾಗಿತ್ತು. ಎತ್ತರ ಬೇರೆ, ಅಗಲ ಬೇರೆ, ಬೆಲೆ ಬೇರೆ. ಬೊಟ್ಟು ಮಾತ್ರ ಎಲ್ಲದಕ್ಕೂ ಒಂದೇ ಕಡೆ, ಮೂತಿಯ ನಟ್ಟನಡುವೆ. ನಾನು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡು ಬಂದಿದ್ದ ಕಣ್ಣಿನ ಜಾಗದಲ್ಲಿ.

ಕೆಳಗೆ ನಿಂತಿದ್ದ ನಮ್ಮ ಕಾರಿಗೂ ಇತ್ತು. ಅದೊಂದು ವಾರ್ಷಿಕ ಜಗಳ. ಅರಿಶಿನ ಕೂತರೆ ಬಣ್ಣ ಹಾಳಾಗುತ್ತದೆ ಎಂದು ನಾನು ಹೇಳುವುದು, ಹಾಸನದ ಕಡೆಯ ನಮ್ಮತ್ತೆ ಕಿವಿಗೆ ಹಾಕಿಕೊಳ್ಳದೆ ಇಡುವುದು, ನಾನು ಒರೆಸುವುದು. ಈ ಸಲ ಒರೆಸದೆ ಮೇಲೆ ಹೋದೆ. ಅತ್ತೆ ಹುರುಳಿಕಾಯಿ ಬಿಡಿಸುತ್ತ ಕೂತಿದ್ದರು.

"ಅತ್ತೆ, ಕಾರಿಗೆ ಬೊಟ್ಟು ಅಲ್ಲೇ ಯಾಕಿಟ್ಟಿರಿ?"

"ಶುರುವಾಯ್ತಾ ನಿಂದು? ಬಂದವಳು ಕೈಕಾಲು ತೊಳ್ಕೊಂಡು ಕಾಫಿ ಕುಡಿ."

"ಜಗಳಕ್ಕಲ್ಲ ಅತ್ತೆ, ನಿಜವಾಗಿ ಕೇಳ್ತಿದ್ದೀನಿ. ಬಾಗಿಲಿಗೆ ಇಡಬಹುದಿತ್ತು, ಹಿಂದೆ ಇಡಬಹುದಿತ್ತು. ಅಲ್ಲೇ ಯಾಕೆ?"

ಅವರು ನನ್ನನ್ನು ಜ್ವರ ಬಂದವಳನ್ನು ನೋಡುವಂತೆ ನೋಡಿದರು. "ಬೊಟ್ಟನ್ನ ಹಣೆಗಿಡದೆ ಬೆನ್ನಿಗಿಡ್ತಾರೇನೇ?"

ಅಷ್ಟೇ ಹೇಳಿದ್ದು. ಅವರ ಗಮನ ಮತ್ತೆ ಹುರುಳಿಕಾಯಿಗೆ ಹೋಯಿತು. ನಮ್ಮ ಮಗಳು ಮೊಬೈಲಿನಿಂದ ತಲೆ ಎತ್ತದೆ, "ಅದಾನೇ ಅಮ್ಮಾ" ಎಂದು ಅಜ್ಜಿಯ ಪರ ತಮಿಳಿನಲ್ಲಿ ತೀರ್ಪು ಕೊಟ್ಟಳು.

ಈ ವೃತ್ತಿಯಲ್ಲಿ ನಾವೆಲ್ಲ ಕಾರಿನ ಮುಂಭಾಗವನ್ನು ಮುಖ ಎಂದೇ ಕರೆಯುತ್ತೇವೆ. ದೀಪ ಕಣ್ಣು, ಜಾಲರಿ ಬಾಯಿ. ಸಿಟ್ಟಿನ ಮುಖ, ನಗುವ ಮುಖ ಎಂದು ಗಂಟೆಗಟ್ಟಲೆ ವಾದ ಮಾಡುತ್ತೇವೆ. ಮುಖ ಎಂದ ಮೇಲೆ ಅದಕ್ಕೊಂದು ಹಣೆ ಇರಬೇಕು ಎಂದು ಅಷ್ಟು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಕಾಫಿ ಆರಿಹೋಯಿತು.

ಮರುದಿನ ಮುಖ್ಯಸ್ಥರ ಕೋಣೆಗೆ ಹೋಗಿ, ಕಣ್ಣು ಆ ಜಾಗದಲ್ಲಿ ಇರಕೂಡದು ಎಂದೆ. ಅವರು ಒಳ್ಳೆಯ ಮನುಷ್ಯ, ಮಾತು ಕಡಿಮೆ, ಬಿ.ಪಿ. ಜಾಸ್ತಿ. ತಮಿಳಿನಲ್ಲಿ ನಿಧಾನವಾಗಿ ಕೇಳಿದರು, "ಭೇಟಿಗೆ ಇನ್ನು ಒಂದು ವಾರವೂ ಇಲ್ಲ. ಕಾರು ಓಡುತ್ತಿದೆ. ಮಾಲೀಕರ ಕೈಪಿಡಿಯಲ್ಲಿ 'ಇಲ್ಲಿ ಏನನ್ನೂ ಹಚ್ಚಬೇಡಿ' ಎಂದು ಬರೆದರೆ ಸಾಲದೇ?"

"ಸರ್, ನಿಮ್ಮ ಕಾರಿನ ಕೈಪಿಡಿ ನೀವು ಓದಿದ್ದೀರಾ?"

ಅವರು ಮೇಜಿನ ಮೇಲಿದ್ದ ಕಾರಿನ ಕೀಲಿಯನ್ನು ಪಕ್ಕಕ್ಕೆ ಸರಿಸಿದರು.

"ಈ ಸಲ ನಿಮ್ಮ ಕಾರಿಗೆ ಬೊಟ್ಟು ಇಟ್ಟಿದ್ದು ಯಾರು?"

"ನನ್ನ ಹೆಂಡತಿ."

"ಅವರಿಗೆ ಬೇಡ ಅಂತ ಹೇಳಿ ನೋಡಿ."

ಅವರಿಗೆ ನಗು ಬಂತು, ಆದರೆ ಒಪ್ಪಲಿಲ್ಲ. ಮೊದಲು ಸಣ್ಣ ದಾರಿಗಳನ್ನು ಹುಡುಕಿ ಎಂದರು. ನ್ಯಾಯವೇ. ಎಂಜಿನಿಯರ್ ಒಂದು ಬಿಡಿ ಫಲಕಕ್ಕೆ ನೀರು ಚಿಮ್ಮಿಸುವ ಪುಟ್ಟ ಕೊಳವೆ ಜೋಡಿಸಿದ. ನಾನು ಅತ್ತೆಯಿಂದ ತೇಯ್ದ ಗಂಧ, ಅರಿಶಿನ, ಕುಂಕುಮವನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದೆ. ಯಾಕೆ ಏನು ಎಂದು ಅವರು ಕೇಳಲಿಲ್ಲ. ಸೊಸೆಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡು, ತುಸು ಹೆಚ್ಚೇ ಕೊಟ್ಟರು. ಬೊಟ್ಟು ಇಟ್ಟು, ಹೊರಗೆ ಬಿಸಿಲಿನಲ್ಲಿ ಒಣಗಿಸಿ, ನೀರು ಬಿಟ್ಟೆವು. ಕುಂಕುಮ ಕರಗಿ ಫಲಕದ ತುಂಬ ಇಳಿಯಿತು. ಗಂಧ ಮಾತ್ರ ಗಾರೆಯಂತೆ ಕೂತೇ ಇತ್ತು. ನೀರಿನ ರಭಸ ಹೆಚ್ಚಿಸಿದೆವು. ಈಗ ಅದು ರಸ್ತೆಯಲ್ಲಿ ಒಡೆದ ದೃಷ್ಟಿಯ ಕುಂಬಳಕಾಯಿಯ ಹಾಗೇ ಕಾಣತೊಡಗಿತು. ಕಣ್ಣಿಗೆ ಮೊದಲಿದ್ದಷ್ಟೂ ಕಾಣಿಸಲಿಲ್ಲ.

"ಸಣ್ಣ ವೈಪರ್ ಹಾಕಿದ್ರೆ?" ಎಂದ ಎಂಜಿನಿಯರ್.

"ಒಣ ಬಟ್ಟೇಲಿ ಒರೆಸಿದ್ರೆ ಏನಾಗುತ್ತೆ ಅಂತ ನಾನು ಆಗಲೇ ಮಾಡಿ ತೋರಿಸಿದ್ದೀನಲ್ಲೋ."

ಉಳಿದಿದ್ದು ಒಂದೇ ದಾರಿ. ಪೂಜೆ ಮಾಡುವ ಕೈ ಹೋಗದ ಕಡೆಗೆ ಕಣ್ಣನ್ನು ಒಯ್ಯಬೇಕು. ಮುಂದಿನ ಗಾಜಿನ ಮೇಲಂಚು, ಚಾವಣಿ ಶುರುವಾಗುವ ಕಡೆ. ಅಲ್ಲಿಂದ ದಾರಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಎಂಜಿನಿಯರ್ ಹಿಗ್ಗಿದ. ನನಗೆ ಹಿಗ್ಗಲಾಗಲಿಲ್ಲ. ಯಾಕೆಂದರೆ ಮೂತಿಯಿಂದ ಹೊರಟು, ಗಾಜಿನ ಮೇಲೇರಿ, ಚಾವಣಿ ದಾಟಿ ಬಾಲದವರೆಗೆ ಒಂದೇ ಉಸಿರಿನಲ್ಲಿ ಹೋಗುವ ಗೆರೆ ಆ ಕಾರಿನ ಜೀವ. ಆ ಗೆರೆಗಾಗಿ ನಾನು ಜಗಳವಾಡದ ಮನುಷ್ಯ ಸ್ಟುಡಿಯೋದಲ್ಲಿ ಇರಲಿಲ್ಲ. ಕಣ್ಣನ್ನು ಅಲ್ಲಿ ಕೂರಿಸಿದರೆ ಎರಡು ಬೆರಳಿನಷ್ಟು ಉಬ್ಬು ಬೇಕು. ಗೆರೆ ಅಲ್ಲಿಗೆ ಮುಗಿಯಿತು.

ಮುಖ್ಯಸ್ಥರು ನನ್ನ ಸಂಕಟ ಗುರುತಿಸಿದರು. "ನೋಡಮ್ಮಾ," ಎಂದರು, "ಇದು ಪ್ರದರ್ಶನದ ಕಾರು. ಇದನ್ನು ಯಾರೂ ಕೊಳ್ಳುವುದಿಲ್ಲ, ಯಾರೂ ಪೂಜೆಗಿಡುವುದಿಲ್ಲ. ಅವರು ಒಪ್ಪಿರುವ ಚಿತ್ರವೂ ಹಳೆಯದೇ. ಒರೆಸಿ ನಿಲ್ಲಿಸಿದರೆ ಗೆದ್ದೆವು. ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀಯ?"

ಅವರು ಹೇಳಿದ್ದು ಸುಳ್ಳಲ್ಲ. ನಾನೂ ಅದನ್ನೇ ನೆಚ್ಚಿಕೊಂಡು ಅರ್ಧ ದಿನ ಕಳೆದೆ. ಕಾರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಆ ಗೆರೆಯನ್ನೇ ನೋಡಿದೆ. ಮೇಲಿನ ಟ್ಯೂಬ್‌ಲೈಟಿನ ಬೆಳಕು ಫಿಲ್ಮಿನ ಮೇಲೆ ಎಲ್ಲೂ ತಡವರಿಸದೆ ಹರಿಯುತ್ತಿತ್ತು. ಎಷ್ಟು ಚೆಂದವಿತ್ತು! ಆದರೆ ಪದೇ ಪದೇ ಒಂದೇ ವಿಷಯ ತಲೆಗೆ ಬರುತ್ತಿತ್ತು. ಚೆನ್ನೈನವರು ಕಾರು ಬರೆದರೆ ಹೇಗಿರುತ್ತದೆ ಎಂದು ತೋರಿಸಲು ಹೊರಟಿದ್ದೇವೆ, ಆ ಕಾರು ಚೆನ್ನೈನ ಒಂದು ಹಬ್ಬ ತಡೆಯಲಿಲ್ಲ. ಕಣ್ಣು ಕೊಟ್ಟವನ ಕೈಯೇ ಅದರ ಕಣ್ಣು ಮುಚ್ಚಿತು. ಅವನೇ ಮರೆತ ಮೇಲೆ ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ?

ಮಧ್ಯಾಹ್ನ ಮತ್ತೆ ಆ ಕೋಣೆಗೆ ಹೋದೆ. "ಗೆರೆ ನಾನೇ ಕಡೀತೀನಿ ಸರ್. ಕಣ್ಣು ಮೇಲಕ್ಕೆ ಹೋಗಲಿ."

"ಅವರು ಒಪ್ಪದಿದ್ದರೆ?"

"ಬಂಪರ್ ಬರೀತೀನಿ. ಕೈಗೆ ರೂಢಿಯಿದೆ."

ಹೇಳುವಾಗ ಧೈರ್ಯವಾಗಿಯೇ ಹೇಳಿದೆ. ಹೊರಗೆ ಬಂದ ಮೇಲೆ ಕಾರಿನ ಕಡೆ ನೋಡದೆ ನೇರ ಕ್ಲೇ ಓವನ್ ಕಡೆಗೆ ನಡೆದೆ.

ನಮ್ಮ ಕ್ಲೇ ಮೇಸ್ತ್ರಿ ತಿರುವೊಟ್ಟಿಯೂರಿನವರು. ದಿನಾ ಊರಿನ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಬರುವ ಮನುಷ್ಯ. ಬೆಳಿಗ್ಗೆ ಬರುವಾಗಲೇ ಮುಖ ಗಂಟಿಕ್ಕಿಕೊಂಡಿರುತ್ತಿತ್ತು. ವಿಷಯ ಕೇಳಿ, "ನೇತ್ತು ದಾನೇ ಮುಡಿಚೋಂ!" ಎಂದು ಕೂಗಿದರು. ನಿನ್ನೆ ತಾನೇ ಮುಗಿಸಿದೆವು ಎಂದು. ಮುಗಿಸಿದ್ದು ಹಬ್ಬಕ್ಕೂ ಮೊದಲು, ಆದರೂ ಅವರಿಗೆ ಅದು ನಿನ್ನೆಯೇ. ಬೈದುಕೊಂಡೇ ಓವನ್ ಹಚ್ಚಿದರು. ಚಾವಣಿಯ ಮುಂದಿನ ಫಿಲ್ಮ್ ಸುಲಿದು, ಹಳೆಯ ಕ್ಲೇಯನ್ನು ಫೋಮ್ ಕಾಣುವ ತನಕ ಕೆತ್ತಿ, ಎಂಜಿನಿಯರ್ ಕಣ್ಣಿನ ಡಬ್ಬಿ ಕೂರಿಸಿದ ಮೇಲೆ ಬಿಸಿ ಕ್ಲೇ ಮೆತ್ತಿದೆವು.

ಮೊದಲ ಉಬ್ಬು ತಲೆಗೆ ಪೆಟ್ಟು ಬಿದ್ದು ಬುರುಬುರು ಊದಿದ ಹಾಗಿತ್ತು. ಕೆರೆದು ತೆಗೆದೆವು. ಎರಡನೆಯದು ಪೊಲೀಸಿನವನ ಟೋಪಿಯಂತಾಯಿತು. ಎಂಜಿನಿಯರ್ ನಕ್ಕ, ಮೇಸ್ತ್ರಿಯಿಂದ ಬೈಸಿಕೊಂಡ. ಉಬ್ಬನ್ನು ಬಚ್ಚಿಡಲು ಹೋದಷ್ಟೂ ಅದು ಎದ್ದು ಕಾಣುತ್ತಿತ್ತು. ಆಮೇಲೆ ನಾನು ಬಚ್ಚಿಡುವ ಆಸೆ ಬಿಟ್ಟೆ. ಕಪ್ಪು ಟೇಪು ತೆಗೆದುಕೊಂಡು ಉಬ್ಬಿನ ಎರಡು ತುದಿಗಳನ್ನು ಗಾಜಿನ ಅಂಚಿನುದ್ದಕ್ಕೂ ಬಾಗಿಲಿನವರೆಗೆ ಎಳೆದೆ. ಮೇಸ್ತ್ರಿ ದೂರ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿ, "ಪುರುವಂ" ಎಂದರು. ಹುಬ್ಬು. ಅಲ್ಲಿಂದ ಮುಂದೆ ಅವರು ಬೈಯಲಿಲ್ಲ.

ಹುಬ್ಬು ಬಂದ ಮೇಲೆ ಹಣೆ ಮಾಡುವ ಆಸೆ ತಡೆಯಲಾಗಲಿಲ್ಲ. ಫಲಕದ ನಡುವೆ ಈಗ ಏನೂ ಇರಲಿಲ್ಲವಲ್ಲ. ಆ ಭಾಗವನ್ನು ತೆಗೆಸಿ, ಕ್ಲೇಯಲ್ಲೇ ಮೂರು ಬೆರಳು ಅಗಲದ ಒಂದು ತಗ್ಗು ಮಾಡಿದೆ. ಬೊಟ್ಟು ಇಡುವವರ ಬೆರಳು ತಾನಾಗಿ ಬಂದು ಕೂರಲಿ ಎಂದು. ಅದರ ಅಂಚನ್ನು ನಾನೇ ಅಲಗು ಹಿಡಿದು ನಯ ಮಾಡಿದೆ, ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಹೋದ ಗೆರೆಯ ದುಃಖವನ್ನೆಲ್ಲ ಆ ತಗ್ಗಿನಲ್ಲಿ ತೀರಿಸಿಕೊಂಡೆ ಎನ್ನಬೇಕು.

ಮುಖ್ಯ ಕಚೇರಿಯಿಂದ ಬಂದವರು ವಿನ್ಯಾಸ ವಿಭಾಗದ ಮುಖ್ಯಸ್ಥೆ. ಎತ್ತರದ, ಬೆಳ್ಳಿಕೂದಲಿನ ಹೆಂಗಸು. ಕಾರನ್ನು ನೋಡುವಾಗ ಮಾತಾಡುವವರಲ್ಲ. ಮೂರು ಸುತ್ತು ಬಂದರು. ಹುಬ್ಬಿನ ಮುಂದೆ ನಿಂತರು.

"ನಾನು ಒಪ್ಪಿದ ಚಿತ್ರದಲ್ಲಿ ಇದು ಇರಲಿಲ್ಲ."

"ಇರಲಿಲ್ಲ," ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಕುಂಕುಮ, ಒಣ ಬಟ್ಟೆ, ಗಲ್ಲಿಯ ವಾಹನಗಳು, ನೀರಿನ ಕೊಳವೆ. ಬಿಡಿ ಫಲಕವನ್ನು ತರಿಸಿ ತೋರಿಸಿದೆ. ನನ್ನ ಪಕ್ಕ ಮುಖ್ಯಸ್ಥರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

ಆಕೆ ಫಲಕವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು. "ನಮ್ಮಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮಕ್ಕೆ ಉಪ್ಪು ಸುರಿಯುತ್ತಾರೆ," ಎಂದರು. "ಆ ಕೆಸರು ಕಾರಿನ ಮೂಗಿನ ಮೇಲೆ ಕೂತರೆ ಸೆನ್ಸರ್ ಇದೇ ರೀತಿ ಕುರುಡಾಗುತ್ತದೆ. ನಾವು ಏನು ಮಾಡಿದೆವು ಗೊತ್ತೇ? ಕೈಪಿಡಿಯಲ್ಲಿ ಬರೆದೆವು."

ಯಾರೂ ನಗಲಿಲ್ಲ. ಆಮೇಲೆ ಆಕೆಯೇ ನಕ್ಕರು, ಎಲ್ಲರೂ ನಕ್ಕೆವು. ಕಾರು ನಡೆಯಿತು, ಆಕೆ ಅಡ್ಡ ನಿಂತಾಗ ನಿಂತಿತು, ಸರಿದಾಗ ಹೊರಟಿತು. ಹುಬ್ಬು ಇರಲಿ ಎಂದರು. ನನ್ನ ಎದೆ ಹಗುರಾಯಿತು ಅನ್ನುವಷ್ಟರಲ್ಲಿ ತಗ್ಗಿನ ಮೇಲೆ ಬೆರಳಿಟ್ಟರು.

"ಇದನ್ನು ಮುಚ್ಚಿ."

"ಅದು ಬೊಟ್ಟಿಗೆ..."

"ಅರ್ಥವಾಯಿತು. ಆದರೆ ಇಲ್ಲೇ ಇಡಿ ಎಂದು ನೀವು ಬೆರಳು ತೋರಿಸುತ್ತಿದ್ದೀರಿ. ಗಲ್ಲಿಯ ವಾಹನಗಳಿಗೆ ಯಾರಾದರೂ ತಗ್ಗು ಮಾಡಿಕೊಟ್ಟಿದ್ದರೇ? ಜಾಗ ಖಾಲಿ ಬಿಡಿ, ಸಾಕು. ಇದು ಮುಚ್ಚಿದರೆ ಕಾರು ಒಪ್ಪಿಗೆ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ನಮ್ಮ ಬೊಟ್ಟಿನ ವಿಷಯ ಇವರೇನು ನನಗೆ ಹೇಳಿಕೊಡುವುದು? ಗೆರೆ ಕೊಟ್ಟೆ, ತಗ್ಗನ್ನೂ ಕೊಡಬೇಕೇ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮುಖ್ಯಸ್ಥರು ನನ್ನ ಕಡೆ ನೋಡಿದ ನೋಟದಲ್ಲಿ ಇಡೀ ಸ್ಟುಡಿಯೋ ಕೈಮುಗಿದು ನಿಂತಂತಿತ್ತು. ಆಕೆ ಹೋದ ಮೇಲೆ ಒಂದು ಹಿಡಿ ಬಿಸಿ ಕ್ಲೇ ತೆಗೆದುಕೊಂಡು ನಾನೇ ಮುಚ್ಚಿದೆ. ಮೇಸ್ತ್ರಿ ಅಲಗು ಎಳೆದು ಸಮ ಮಾಡಿದರು. ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಗೆದ್ದಿದ್ದೆವು, ಆದರೂ ಗೆದ್ದ ಖುಷಿ ನನಗಿರಲಿಲ್ಲ.

ಕ್ಲೇಯಿಂದ ಅಚ್ಚು ತೆಗೆದು, ಫೈಬರಿನ ಮೈ ಮಾಡಿ, ನಿಜವಾದ ಬಣ್ಣ ಹೊಡೆದು ಕಾರು ತಯಾರಾಗುವ ಹೊತ್ತಿಗೆ ಪೊಂಗಲ್ ಕಳೆದಿತ್ತು. ಜನರ ಮುಂದಿಡುವ ಕಾರ್ಯಕ್ರಮ ನುಂಗಂಬಾಕ್ಕಂನ ಒಂದು ಹೋಟೆಲಿನಲ್ಲಿ. ಬೆಳಿಗ್ಗೆ ಪತ್ರಕರ್ತರು ಬರುವ ಮೊದಲು ಕೊನೆಯ ತಾಲೀಮು. ಮುಖ್ಯ ಕಚೇರಿಯ ಆಕೆಯೂ ಬಂದಿದ್ದರು, ಮೂಲೆಯಲ್ಲಿ ಟೀ ಹಿಡಿದು ನಿಂತಿದ್ದರು. ಕಾರನ್ನು ಲಾರಿಯಿಂದ ಇಳಿಸಿದವರು ಆಗಲೇ ಕರ್ಪೂರ ಹುಡುಕುತ್ತಿದ್ದರು. ಹೋಟೆಲಿನವರು ಬೆಂಕಿ ಹಚ್ಚಕೂಡದು, ಕಾರ್ಪೆಟ್ಟಿನ ಮೇಲೆ ನಿಂಬೆಹಣ್ಣು ಇಡಕೂಡದು ಎಂದು ಅಡ್ಡ ಬಂದಿದ್ದರು. ಕೊನೆಗೆ ಪ್ಲಾಸ್ಟಿಕ್ ಹಾಳೆ ಹಾಸಿ ನಿಂಬೆಹಣ್ಣಿಗೆ ಒಪ್ಪಿಗೆ ಸಿಕ್ಕಿತು.

ಎಂಜಿನಿಯರ್ ಒಂದು ಬಟ್ಟಲು ಹಿಡಿದು ನನ್ನ ಹತ್ತಿರ ಬಂದ. ಒಳಗೆ ಗಂಧ, ಕುಂಕುಮ.

"ನೀವೇ ಇಡಿ ಅಕ್ಕ."

"ನಾನು ಇಡಲ್ಲ ಅಂತ ಗೊತ್ತಲ್ವೇನೋ ನಿಂಗೆ?"

"ನಾನ್ ಇಟ್ರೆ ಗೂಬೆ ಅಂತೀರ."

ಎಲ್ಲರೂ ನೋಡುತ್ತಿದ್ದರು. ಜೀವಮಾನವಿಡೀ ಕಾರಿಗೆ ಇಟ್ಟ ಬೊಟ್ಟು ಒರೆಸಿಕೊಂಡೇ ಬಂದವಳು ನಾನು. ಗಂಧದಲ್ಲಿ ಬೆರಳದ್ದಿ, ಬಗ್ಗಿದೆ. ಹುಡುಕಬೇಕಾಗಲಿಲ್ಲ. ತಗ್ಗೂ ಇಲ್ಲ, ಗುರುತೂ ಇಲ್ಲ, ಆದರೂ ಕೈ ನೆಟ್ಟಗೆ ಅಲ್ಲಿಗೇ ಹೋಯಿತು. ಗಂಧ, ಅದರ ಮೇಲೆ ಕುಂಕುಮ. ಮೂಲೆಯಲ್ಲಿದ್ದಾಕೆ ಹೇಳಿದ್ದು ಸರಿ ಎಂದು ಆಗ ಒಪ್ಪಿಕೊಂಡೆ, ಮನಸ್ಸಿನಲ್ಲೇ. ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ಅವತ್ತು ಇರಲಿಲ್ಲ.

ಎಂಜಿನಿಯರ್ ಗುಂಡಿ ಒತ್ತಿದ. ಕಾರು ನಿಂಬೆಹಣ್ಣು ಹಿಸುಕಿಕೊಂಡು ಹೊರಟಿತು. ಆಕೆ ಟೀ ಲೋಟ ಕೆಳಗಿಟ್ಟು ಬಂದು ಅದರ ದಾರಿಗೆ ಅಡ್ಡ ನಿಂತರು. ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಬಂದ ಕಾರು ಅವರನ್ನು ನೋಡಿ ಒಂದು ಮಾರು ದೂರದಲ್ಲಿ ನಿಂತಿತು. ನನಗೆ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಕಾರ್ಯಕ್ರಮದ ಹುಡುಗಿಯೊಬ್ಬಳು ಬಟ್ಟೆ ಹಿಡಿದು ಓಡಿಬಂದಳು. ಫೋಟೋದವರು ಬಂದರು, ಒರೆಸಬೇಕು ಎಂದಳು. ನಾನು ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡೆ. "ಮುಟ್ಟಬೇಡ," ಎಂದೆ. ಅವಳು ಕಾರಿನ ಮುಂದೆ ನಿಂತಿದ್ದ ಮುಖ್ಯ ಕಚೇರಿಯ ದೊಡ್ಡವರ ಮುಖ ನೋಡಿದಳು. ಆಕೆ ಇರಲಿ ಎಂಬಂತೆ ತಲೆಯಾಡಿಸಿ ಪಕ್ಕಕ್ಕೆ ಸರಿದರು. ಕಾರು ಮತ್ತೆ ಹೊರಟಿತು.

ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಬೆಳ್ಳಿ ಬಣ್ಣದ ಕಾರು, ಹುಬ್ಬು, ಕೆಳಗೆ ಕೆಂಪು ಬೊಟ್ಟು. ಅತ್ತೆಯ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು, ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಹುಬ್ಬು ಹೇಗಿದೆ, ಮುಖ ಹೇಗಿದೆ ಎಂದು ಹೇಳಲಿ ಎಂದು ನಾನು ಕಾದೆ.

"ಬೊಟ್ಟು ಯಾರಿಟ್ಟಿದ್ದು?"

"ನಾನೇ ಅತ್ತೆ."

ಅವರು ನನ್ನನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದರು. ಅರ್ಧ ಮಿಲಿಮೀಟರ್ ವಾರೆಯಾದರೆ ಮೇಸ್ತ್ರಿಯ ಮೇಲೆ ರೇಗುವ ನನಗೆ ಅದು ಅಲ್ಲಿಯವರೆಗೆ ಕಂಡೇ ಇರಲಿಲ್ಲ.

"ಚೂರು ಎಡಕ್ಕೆ ಹೋಗಿದೆಯಲ್ಲೇ," ಎಂದರು ಅತ್ತೆ. "ಇರಲಿ ಬಿಡು. ಕೈ ನಡುಗಿರುತ್ತೆ."